ಬಿಸಿಲಲ್ಲೇ ಇರ್ತೀವಿ, ಆದರೂ ವಿಟಮಿನ್ ಡಿ ಕಮ್ಮಿ ಯಾಕೆ? ಬಟ್ಟೆಯ ಲೆಕ್ಕ ಹಾಕೋದು ಹೀಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ‘ನಮ್ಮೂರಲ್ಲಿ ಬಿಸಿಲಿಗೆ ಬರ ಇಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಕಮ್ಮಿ ಅಂತ ಬರುತ್ತೆ. ಅದು ಹೇಗೆ?’ ಹೊಲದಲ್ಲಿ ದುಡಿಯುವವರು ಬೇರೆಯೇ ಕೇಳುತ್ತಾರೆ. ‘ಬೇಸಿಗೆಯಲ್ಲಿ ಮೈ ಉರಿದು ಕರಕಾಗುತ್ತೆ. ಯಾವ ಬಟ್ಟೆ ಹಾಕಬೇಕು? ಕಪ್ಪೋ, ಬಿಳಿಯೋ?’

ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಸೂರ್ಯನಿಗೂ ನಿಮ್ಮ ಚರ್ಮಕ್ಕೂ ನಡುವೆ ಇರುವ ಬಟ್ಟೆಯಲ್ಲಿ. ದಿನದ ಸ್ವಲ್ಪ ಹೊತ್ತು ಅದನ್ನು ಸರಿಸಬೇಕು, ಉಳಿದ ಹೊತ್ತು ಚೆನ್ನಾಗಿ ಮುಚ್ಚಿಕೊಳ್ಳಬೇಕು. ಯಾವಾಗ ಸರಿಸಬೇಕು, ಯಾವಾಗ ಮುಚ್ಚಬೇಕು ಅನ್ನೋದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಅದಕ್ಕೆ ಬೇಕಾದದ್ದು ನೇರ ಬಿಸಿಲು ಬೀಳುವ ಅಂಗಳ ಅಥವಾ ಮಾಳಿಗೆ, ಒಂದು ಗಡಿಯಾರ, ನಿಮ್ಮ ನೆರಳು ಮತ್ತು ನೀವು ದಿನಾ ಉಡುವ ಬಟ್ಟೆ. ಖರ್ಚು ಏನೂ ಇಲ್ಲ.

ಮೊದಲು ಎರಡು ಮಾತು ತಿಳಿದಿರಲಿ. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿದೆ, ಮೈಗೆ ತಾಗುವ ಕಾವಿದೆ. ಇವೆರಡರ ಜೊತೆ ಕಣ್ಣಿಗೂ ಕಾಣದ, ಕಾವಾಗಿಯೂ ತಿಳಿಯದ ಇನ್ನೊಂದು ಕಿರಣ ಇದೆ. ಅದೇ ಯುವಿ, ಅಂದರೆ ಅತಿನೇರಳೆ ಕಿರಣ. ಇದರಲ್ಲಿ ನಮಗೆ ಮುಖ್ಯವಾದ ಜಾತಿ ಎರಡು. ಯುವಿ-ಎ ಚರ್ಮದ ಆಳಕ್ಕೆ ಇಳಿಯುತ್ತದೆ, ಚರ್ಮವನ್ನು ಕಪ್ಪಾಗಿಸುತ್ತದೆ, ಬೇಗ ಸುಕ್ಕು ತರುತ್ತದೆ. ಯುವಿ-ಬಿ ಚರ್ಮದ ಮೇಲುಪದರದಲ್ಲೇ ನಿಂತು ಎರಡು ಕೆಲಸ ಮಾಡುತ್ತದೆ. ಜಾಸ್ತಿಯಾದರೆ ಸುಡುತ್ತದೆ. ಹದವಾಗಿ ಬಿದ್ದರೆ, ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ವಸ್ತುವನ್ನು ವಿಟಮಿನ್ ಡಿ ಆಗುವ ದಾರಿಗೆ ಹಚ್ಚುತ್ತದೆ. ಆಮೇಲಿನ ಕೆಲಸ ಪಿತ್ತಜನಕಾಂಗದ್ದು ಮತ್ತು ಮೂತ್ರಪಿಂಡದ್ದು. ಎಲುಬಿಗೆ ಸುಣ್ಣದ ಅಂಶ ಸೇರಬೇಕಾದರೆ ಈ ವಿಟಮಿನ್ ಬೇಕೇ ಬೇಕು.

ಕಾವು ಬೇರೆ, ಯುವಿ ಬೇರೆ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

1. ನೆರಳು ನೋಡಿ

ಬಿಸಿಲಿಗೆ ನಿಂತು ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ಯುವಿ-ಬಿ ಸಾಕಷ್ಟು ಬೀಳುತ್ತಿದೆ ಎಂದರ್ಥ. ಉದ್ದ ಇದ್ದರೆ ತೀರಾ ಕಡಿಮೆ. ಸೂರ್ಯ ಕೆಳಗಿದ್ದಾಗ ಕಿರಣಗಳು ಗಾಳಿಯಲ್ಲಿ ಓರೆಯಾಗಿ ಬಹಳ ದೂರ ಹಾದು ಬರಬೇಕು. ಆ ದಾರಿಯಲ್ಲಿ ಓಝೋನ್ ಪದರ ಯುವಿ-ಬಿಯನ್ನು ಹೀರಿಕೊಂಡುಬಿಡುತ್ತದೆ.

ಜಾಸ್ತಿ ಜನ ತಪ್ಪುವುದು ಇಲ್ಲೇ. ‘ನಾನು ದಿನಾ ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೋಗ್ತೀನಿ, ಎಳೆ ಬಿಸಿಲು ಮೈಗೆ ಬೀಳುತ್ತೆ’ ಅಂತಾರೆ. ಎಳೆ ಬಿಸಿಲು ಹಿತವಾಗಿರುತ್ತದೆ, ನಡಿಗೆಯೂ ಒಳ್ಳೆಯದು. ಅದನ್ನು ಬಿಡಬೇಡಿ. ಆದರೆ ಆ ಹೊತ್ತಿಗೆ ನಿಮ್ಮ ನೆರಳು ರಸ್ತೆಯ ಆ ತುದಿಯವರೆಗೆ ಚಾಚಿರುತ್ತದೆ, ಅಲ್ವಾ? ಅದರಿಂದ ವಿಟಮಿನ್ ಡಿ ಸಿಗುವುದು ಇಲ್ಲವೆನ್ನುವಷ್ಟು ಕಡಿಮೆ.

ನಮ್ಮ ಮೂರೂ ಜಿಲ್ಲೆ ಕೇಂದ್ರಗಳು ಸುಮಾರು 16, 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಅದರಂತೆ ಲೆಕ್ಕ ಹಾಕಿದರೆ ಮೇ ತಿಂಗಳಲ್ಲಿ ನೆರಳು ಗಿಡ್ಡ ಇರುವ ಹೊತ್ತು ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆವರೆಗೆ. ಡಿಸೆಂಬರಿನಲ್ಲಿ ಬರೀ ಹನ್ನೊಂದರಿಂದ ಒಂದೂಮುಕ್ಕಾಲಿನವರೆಗೆ. ಇನ್ನೊಂದು ವಿಷಯ. ನಮ್ಮ ಕಡೆ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ದೇಶದ ಗಡಿಯಾರಕ್ಕೆ ಅಳತೆಯಾದ ರೇಖೆ ನಮಗಿಂತ ಬಹಳ ಪೂರ್ವಕ್ಕಿದೆ, ಅದಕ್ಕೇ ಈ ಅರ್ಧ ಗಂಟೆಯ ವ್ಯತ್ಯಾಸ.

ಮೇ ಮೊದಲ ವಾರದ ಹೊತ್ತಿಗೆ ಒಂದು ಸಲ ಈ ಹನ್ನೆರಡೂವರೆಯ ಸುಮಾರಿಗೆ ಅಂಗಳಕ್ಕೆ ಬನ್ನಿ. ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ. ನೆರಳು ಹೊರಗೆ ಬೀಳದೆ ಅದರ ಬುಡದಲ್ಲೇ ಅಡಗಿರುತ್ತದೆ. ಆಗ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಗಸ್ಟ್ ಮೊದಲ ಹತ್ತು ದಿನಗಳಲ್ಲಿ ಮತ್ತೊಮ್ಮೆ ಹೀಗೆ ಆಗುತ್ತದೆ, ಆದರೆ ಮೋಡ ಕಾಣಗೊಡುವುದು ಅಪರೂಪ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ಐದಡಿ ಎತ್ತರದವರ ನೆರಳು ನಾಲ್ಕಡಿಗಿಂತ ತುಸು ಜಾಸ್ತಿ ಇರುತ್ತದೆ. ಚಳಿಗಾಲದಲ್ಲೂ ನಮಗೆ ಯುವಿ-ಬಿ ಸಿಗುತ್ತದೆ, ಹೊತ್ತು ಮಾತ್ರ ಕಡಿಮೆ. ಯುರೋಪಿನ ಉತ್ತರ ಭಾಗದವರಿಗೆ ಚಳಿಗಾಲದ ತಿಂಗಳುಗಳಲ್ಲಿ ಈ ಭಾಗ್ಯ ಇಲ್ಲ.

ಇದೇ ಮಾತಿಗೆ ತಿರುಪತಿಯಲ್ಲಿ ನಡೆದ ಪ್ರಯೋಗವೊಂದು ಪುಷ್ಟಿ ಕೊಡುತ್ತದೆ. ಚರ್ಮದಲ್ಲಿರುವ ಆ ವಸ್ತುವನ್ನು ಚಿಕ್ಕ ಬುಡ್ಡಿಗಳಲ್ಲಿ ಹಾಕಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಿಸಿಲಿಗೆ ಇಟ್ಟು ನೋಡಿದರು. 11ರಿಂದ 2 ಗಂಟೆಯ ನಡುವೆ ಅದು ಅತಿ ಹೆಚ್ಚು ಬದಲಾಯಿತು.

ಎಚ್ಚರ: ಕಿಟಕಿಯ ಗಾಜಿನ ಹಿಂದೆ ಕುಳಿತ ಬಿಸಿಲು ಲೆಕ್ಕಕ್ಕಿಲ್ಲ. ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ. ಅಂದರೆ ಚರ್ಮ ಕಪ್ಪಾಗುತ್ತದೆ, ವಿಟಮಿನ್ ಸಿಗುವುದಿಲ್ಲ.

2. ಮೈಯ ಎಷ್ಟು ಪಾಲು ತೆರೆದಿದೆ ಅಂತ ಲೆಕ್ಕ ಹಾಕಿ

ಡಾಕ್ಟರುಗಳು ಸುಟ್ಟ ಗಾಯ ಅಳೆಯಲು ‘ಒಂಬತ್ತರ ಲೆಕ್ಕ’ ಬಳಸುತ್ತಾರೆ. ಇಡೀ ಚರ್ಮವನ್ನು 100 ಪಾಲು ಅಂತ ಇಟ್ಟುಕೊಂಡರೆ ತಲೆ ಮತ್ತು ಕುತ್ತಿಗೆ 9, ಒಂದೊಂದು ಕೈ 9, ಒಂದೊಂದು ಕಾಲು 18, ಎದೆ ಹೊಟ್ಟೆ 18, ಬೆನ್ನು 18, ಉಳಿದ 1 ಗುಪ್ತಾಂಗದ ಭಾಗ. ಬೆರಳು ಸೇರಿ ನಿಮ್ಮ ಅಂಗೈ ಅಗಲ ಸುಮಾರು 1 ಪಾಲು. ಇದನ್ನೇ ನಾವು ಬಿಸಿಲಿಗೆ ಬಳಸೋಣ.

ಇಳಕಲ್ ಸೀರೆ ಉಟ್ಟು, ಮೊಣಕೈವರೆಗಿನ ಕುಪ್ಪಸ ತೊಟ್ಟು, ತಲೆಯ ಮೇಲೆ ಸೆರಗು ಹೊದ್ದ ತಾಯಿ ಹೊರಗೆ ಬಂದರೆ ಬಿಸಿಲಿಗೆ ಸಿಗುವುದು ಮುಂಗೈ, ಅರ್ಧ ಮುಖ, ಪಾದದ ಮೇಲ್ಭಾಗ. ಹೆಚ್ಚೆಂದರೆ 15 ಪಾಲು. ಕಳೆ ತೆಗೆಯಲು ಹೋಗುವಾಗ ಸೀರೆಯ ಮೇಲೆ ಗಂಡನ ತುಂಬು ತೋಳಿನ ಅಂಗಿ ಹಾಕಿಕೊಂಡರೆ ಅದೂ ಇಲ್ಲ. ಅವರು ಬಗ್ಗಿ ಕೆಲಸ ಮಾಡುತ್ತಾರೆ, ಹಾಗಾಗಿ ಬಿಸಿಲು ಬೀಳುವುದು ಬಟ್ಟೆ ಹೊದ್ದ ಬೆನ್ನಿನ ಮೇಲೆ. ದಿನವಿಡೀ ಹೊಲದಲ್ಲಿದ್ದವರಿಗೂ ಕೊರತೆ ಬರುವುದು ಹೀಗೆ. ಬುರ್ಖಾ ತೊಟ್ಟವರಿಗೆ ಮುಖ, ಹಸ್ತ ತೆರೆದಿದ್ದರೂ 10 ಪಾಲಿನ ಒಳಗೆ. ಸ್ಕೂಟರ್ ಮೇಲೆ ಮುಖಕ್ಕೆ ಸ್ಕಾರ್ಫ್, ಕೈಗೆ ಉದ್ದ ಗ್ಲೋವ್ಸ್ ಹಾಕಿ ಕಾಲೇಜಿಗೆ ಹೋಗುವ ಹುಡುಗಿಯರ ಲೆಕ್ಕ ಅದಕ್ಕಿಂತಲೂ ಕಡಿಮೆ. ಇದಕ್ಕೆ ಹೋಲಿಸಿದರೆ, ಧೋತರ ಮೇಲೆ ಕಟ್ಟಿ ಅರ್ಧ ತೋಳಿನ ಅಂಗಿಯಲ್ಲಿ ನೀರು ಹಾಯಿಸುವ ರೈತನಿಗೆ 25ರಿಂದ 30 ಪಾಲು ತೆರೆದಿರುತ್ತದೆ.

ಇನ್ನೊಂದು ಗುಂಪನ್ನು ನಾವು ಮರೆತೇಬಿಡುತ್ತೇವೆ. ಇಳಕಲ್, ಗುಳೇದಗುಡ್ಡ, ಕಮತಗಿಯ ಮಗ್ಗದವರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಹೊತ್ತು ಮುಳುಗುವವರೆಗೂ ಒಳಗೇ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಕೆಲಸಗಾರರದ್ದೂ, ಬೆಳಗಾವಿಯ ವಡಗಾವಿ, ಖಾಸಬಾಗದ ನೇಕಾರರದ್ದೂ ಇದೇ ಪಾಡು. ಊರಿಗೆಲ್ಲ ಬಟ್ಟೆ ನೇಯುವವರ ಮೈಗೆ ಬಿಸಿಲು ಬೀಳುವುದಿಲ್ಲ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಈ ಲೇಖನ ಮೊದಲು ಅವರಿಗೆ ಓದಿ ಹೇಳಿ.

3. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ

ಬಟ್ಟೆ ಎಷ್ಟು ಯುವಿ ತಡೆಯುತ್ತದೆ ಅನ್ನೋದಕ್ಕೆ ಒಂದು ಅಳತೆ ಇದೆ. ಅದಕ್ಕೆ ಯುಪಿಎಫ್ ಎನ್ನುತ್ತಾರೆ. ಈ ಸಂಖ್ಯೆ 50 ಇದ್ದರೆ ಬಿದ್ದ ಯುವಿಯಲ್ಲಿ 50ರಲ್ಲಿ ಒಂದು ಭಾಗ, ಅಂದರೆ ನೂರಕ್ಕೆ 2 ಮಾತ್ರ ಒಳಗೆ ಹೋಗುತ್ತದೆ. ಈ ಅಳತೆಗೆ 1996ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಮೊದಲು ಮಾನದಂಡ ಮಾಡಿದವು. ತೆಳು ಬಿಳಿ ಹತ್ತಿ ಟೀಶರ್ಟ್‌ನದು ಸುಮಾರು 5ರಿಂದ 7. ಒದ್ದೆಯಾದರೆ 3ಕ್ಕೆ ಇಳಿಯುತ್ತದೆ, ಅಂದರೆ ಮೂರರಲ್ಲಿ ಒಂದು ಭಾಗ ಚರ್ಮಕ್ಕೆ ತಲುಪುತ್ತದೆ. ದಪ್ಪ ಡೆನಿಮ್, ಅದೇ ಜೀನ್ಸ್ ಬಟ್ಟೆ, ಹೆಚ್ಚುಕಡಿಮೆ ಏನನ್ನೂ ಬಿಡುವುದಿಲ್ಲ.

ನಮ್ಮ ಕಪಾಟಿನ ಬಟ್ಟೆಗೆ ಇಂಥ ಚೀಟಿ ಇರುವುದಿಲ್ಲ. ಹಾಗಾಗಿ ಕೈಯಲ್ಲೇ ಪರೀಕ್ಷೆ ಮಾಡಿ. ಹಳೆಯ ಇಳಕಲ್ ಸೀರೆಯ ಒಡಲನ್ನು ಒಂದೇ ಪದರವಾಗಿ ಬೆಳಕಿನ ಕಡೆ ಎತ್ತಿ ಹಿಡಿಯಿರಿ. ನೇರ ಸೂರ್ಯನನ್ನು ನೋಡಬೇಡಿ, ಬೆಳಗಿದ ಆಕಾಶದ ಕಡೆ ಹಿಡಿದರೆ ಸಾಕು. ನೂಲಿನ ನಡುವೆ ಚುಕ್ಕಿ ಚುಕ್ಕಿ ಬೆಳಕು ಕಾಣುತ್ತದೆ. ಸಾವಿರಾರು ಸೂಜಿ ತೂತು ಇದ್ದ ಹಾಗೆ. ಹಾಸೂ ಹೊಕ್ಕೂ ಸೇರುವ ಪ್ರತಿ ಮೂಲೆಯಲ್ಲೂ ಒಂದು ಚುಕ್ಕಿ. ಯುವಿ ಬರುವುದು ಹೆಚ್ಚಾಗಿ ಆ ತೂತುಗಳಿಂದಲೇ. ಈಗ ಅದೇ ಸೀರೆಯ ದಡಿ ಹಿಡಿದು ನೋಡಿ. ಒತ್ತಾಗಿ ನೇಯ್ದಿರುವುದರಿಂದ ಚುಕ್ಕಿಗಳು ಬಹುತೇಕ ಮಾಯ. ಗುಳೇದಗುಡ್ಡ ಖಣದ ಕುಪ್ಪಸ ಹಿಡಿದರೆ ಬೆಳಕೇ ಕಾಣುವುದಿಲ್ಲ ಅನ್ನಬಹುದು. ಬೆರಳಿನ ನೆರಳು ಬಟ್ಟೆಯಾಚೆಗೆ ಸ್ಪಷ್ಟ ಕಂಡರೆ ಅದು ಕಡಿಮೆ ತಡೆಯುವ ಬಟ್ಟೆ.

ಈ ಪರೀಕ್ಷೆ ಅಂದಾಜಿನದು. ನಾವು ನೋಡುತ್ತಿರುವುದು ಬೆಳಕನ್ನು, ಯುವಿಯನ್ನಲ್ಲ. ಹಾಗಾಗಿ ನೇಯ್ಗೆಯ ಜೊತೆ ಇವನ್ನೂ ಸೇರಿಸಿ ನೋಡಿ.

ಬಣ್ಣ: ಗಾಢ ಬಣ್ಣ ಯುವಿಯನ್ನು ತಾನೇ ಹೀರಿಕೊಳ್ಳುತ್ತದೆ. ಒಂದೇ ನೇಯ್ಗೆಯ ಎರಡು ಬಟ್ಟೆಯಲ್ಲಿ ಗಾಢ ನೀಲಿ, ಕಪ್ಪು, ಕಡುಗೆಂಪು ಜಾಸ್ತಿ ತಡೆಯುತ್ತವೆ, ಬಿಳಿ ಕಡಿಮೆ. 1992ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹತ್ತಿ, ಉಣ್ಣೆ, ಪಾಲಿಯೆಸ್ಟರ್ ಮೂರನ್ನೂ ಕಪ್ಪಿನಲ್ಲೂ ಬಿಳಿಯಲ್ಲೂ ಹೋಲಿಸಿದ್ದರು. ಅತಿ ಹೆಚ್ಚು ತಡೆದದ್ದು ಕಪ್ಪು ಉಣ್ಣೆ, ಅತಿ ಕಡಿಮೆ ತಡೆದದ್ದು ಬಿಳಿ ಹತ್ತಿ. ನಮ್ಮ ಕುರುಬರ ಕರಿ ಕಂಬಳಿ ನೆನಪಾಯಿತಾ?

ಕೋರಾ ಬಟ್ಟೆ: ಬಿಳುಪು ಮಾಡದ ಹತ್ತಿಯಲ್ಲಿ ಯುವಿ ಹೀರುವ ಸಹಜ ಅಂಶ ಇರುತ್ತದೆ. ಹಾಲು ಬಿಳಿ ಮಾಡಿದ ಹತ್ತಿಗಿಂತ ಕೋರಾ ವಾಸಿ.

ತೊಳೆತ: ಹೊಸ ಹತ್ತಿ ಬಟ್ಟೆ ಮೊದಲ ಕೆಲವು ತೊಳೆತದಲ್ಲಿ ಕುಗ್ಗುತ್ತದೆ. ತೂತು ಕಿರಿದಾಗುತ್ತವೆ, ಆಗ ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಉಟ್ಟು ಸವೆದು ಜಾಳಾದ ಬಟ್ಟೆ, ಮೈಗೆ ಬಿಗಿಯಾಗಿ ಎಳೆದುಕೊಂಡ ಬಟ್ಟೆ, ಬೆವರಿಗೆ ಅಂಟಿದ ಬನಿಯನ್, ಇವು ಮೂರೂ ಸೋರುತ್ತವೆ.

ಎಚ್ಚರ: ‘ತೆಳು ಸೀರೆಯೊಳಗಿಂದ ಬಿಸಿಲು ಬರುತ್ತೆ, ಅದೇ ಸಾಕು’ ಅಂತ ಅಂದುಕೊಳ್ಳಬೇಡಿ. ಸೀರೆಯ ಒಳಗೆ ಲಂಗ, ಕುಪ್ಪಸ, ಮೇಲೆ ನೆರಿಗೆ. ಎರಡು ಮೂರು ಪದರ ಆದಾಗ ಉಳಿಯುವುದು ಏನೂ ಇಲ್ಲ. ವಿಟಮಿನ್ ಡಿ ಲೆಕ್ಕಕ್ಕೆ ಬಟ್ಟೆ ಇರುವ ಜಾಗ ಮುಚ್ಚಿದ ಜಾಗ ಅಂತಲೇ ತಿಳಿಯಿರಿ. ಸುಡುವ ಲೆಕ್ಕಕ್ಕೆ ಬಂದಾಗ ಮಾತ್ರ ತೆಳು ಬಟ್ಟೆಯನ್ನು ನಂಬಬೇಡಿ.

4. ಸ್ವಲ್ಪ ಹೊತ್ತು ಬಟ್ಟೆ ಸರಿಸಿ

ಮುಂಗೈ, ತೋಳು, ಮೊಣಕಾಲಿನಿಂದ ಕೆಳಗೆ ಇಷ್ಟು ತೆರೆದರೆ ಸಾಕು. ಮುಖ ತೆರೆಯಲೇಬೇಕೆಂದಿಲ್ಲ. ಮುಖದ ಚರ್ಮ ಹೇಗೂ ಜೀವನಪೂರ್ತಿ ಬಿಸಿಲು ತಿಂದಿರುತ್ತದೆ, ಅದಕ್ಕೆ ಸೆರಗಿನ ನೆರಳೇ ಇರಲಿ.

ಬೇಸಿಗೆಯಲ್ಲಿ ಮಟಮಟ ಮಧ್ಯಾಹ್ನ ಬೇಡವೇ ಬೇಡ. ಒಂಬತ್ತೂವರೆ, ಹತ್ತರ ಹೊತ್ತಿಗೆ ನೆರಳು ಆಗಷ್ಟೇ ನಿಮಗಿಂತ ಗಿಡ್ಡ ಆಗಿರುತ್ತದೆ. ಕಾವು ಇನ್ನೂ ತಡೆಯುವ ಹಾಗಿರುತ್ತದೆ. ಆಗ 10ರಿಂದ 15 ನಿಮಿಷ. ನವೆಂಬರಿನಿಂದ ಜನವರಿವರೆಗೆ ಹನ್ನೊಂದೂವರೆಯಿಂದ ಒಂದರ ನಡುವೆ 25, 30 ನಿಮಿಷ. ಹೊಲದವರಿಗೆ ಇದು ಬುತ್ತಿ ಬಿಚ್ಚುವ ಹೊತ್ತು. ಅಂಗಿಯ ತೋಳು ಮೇಲೆ ಮಡಚಿ, ಮರದ ಅಂಚಿನಲ್ಲಿ ಕೈಕಾಲಿಗೆ ಬಿಸಿಲು, ತಲೆಗೆ ನೆರಳು ಬರುವ ಹಾಗೆ ಕುಳಿತು ಊಟ ಮಾಡಿ. ವಾರಕ್ಕೆ ಮೂರು ನಾಲ್ಕು ದಿನ ಹೀಗೆ ಶುರು ಮಾಡಿ. ಮೈಬಣ್ಣ ಗಾಢ ಇದ್ದಷ್ಟೂ ಹೊತ್ತು ಜಾಸ್ತಿ ಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಯುವಿಯನ್ನು ತಾನೇ ನುಂಗುತ್ತದೆ. ಪುಸ್ತಕಗಳಲ್ಲಿ ಬರುವ ‘5 ನಿಮಿಷ ಸಾಕು’ ಅನ್ನುವ ಮಾತು ಬಿಳಿ ಚರ್ಮದವರಿಗೆ ಬರೆದದ್ದು.

ಮನೆಯಲ್ಲಿರುವ ಹೆಂಗಸರು, ಪರದೆ ಪಾಲಿಸುವವರು ರಸ್ತೆಗೆ ಬರಬೇಕಾಗಿಲ್ಲ. ಮಾಳಿಗೆಯ ಮೇಲೆ ಸುತ್ತ ಎರಡು ಹಳೆ ಸೀರೆ ಕಟ್ಟಿ ಮರೆ ಮಾಡಿಕೊಳ್ಳಿ. ಮೇಲ್ಗಡೆ ತೆರೆದಿರಲಿ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಲು ಹೇಗೂ ಹತ್ತುತ್ತೀರಲ್ಲ, ಆಗಲೇ ತೋಳಿಲ್ಲದ ಉಡುಪಿನಲ್ಲಿ ಒಂದಿಷ್ಟು ಹೊತ್ತು ಕೂತು ಬನ್ನಿ. ನಾಲ್ಕೈದು ಮನೆಯ ಹೆಂಗಸರು ಸೇರಿ ಮಾಡಿಕೊಂಡರೆ ತಪ್ಪದೆ ನಡೆಯುತ್ತದೆ.

ಎಚ್ಚರ: ಜಾಸ್ತಿ ಹೊತ್ತು ಕುಳಿತರೆ ಜಾಸ್ತಿ ವಿಟಮಿನ್ ಸಿಗುವುದಿಲ್ಲ. ಒಂದು ಹಂತ ದಾಟಿದ ಮೇಲೆ ಚರ್ಮ ಅದನ್ನು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಬದಲಿಸಿಬಿಡುತ್ತದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಚುರುಚುರು ಅಂದರೆ, ಮುಟ್ಟಿದರೆ ಬಿಸಿ ಎನಿಸಿದರೆ ಆಗಲೇ ಹದ ಮೀರಿದೆ. ಎದ್ದು ಒಳಗೆ ಬನ್ನಿ.

5. ಆಮೇಲೆ ಪೂರ್ತಿ ಮುಚ್ಚಿಕೊಳ್ಳಿ

ಯುವಿ ಎಷ್ಟು ಬೀಳುತ್ತಿದೆ ಎಂದು ಹೇಳುವ ಸಂಖ್ಯೆಗೆ ಯುವಿ ಇಂಡೆಕ್ಸ್ ಎನ್ನುತ್ತಾರೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಕಾಣುತ್ತದೆ. 3 ದಾಟಿದರೆ ಕಾಪಾಡಿಕೊಳ್ಳಬೇಕು, 8 ದಾಟಿದರೆ ಬಹಳ ಜಾಸ್ತಿ, 11ರ ಮೇಲೆ ವಿಪರೀತ. ಏಪ್ರಿಲ್, ಮೇ ತಿಂಗಳ ಮೋಡವಿಲ್ಲದ ಮಧ್ಯಾಹ್ನ ನಮ್ಮ ಕಡೆ 11 ದಾಟುತ್ತದೆ.

ಈಗ ಕಪ್ಪೋ ಬಿಳಿಯೋ ಪ್ರಶ್ನೆಗೆ ಬರೋಣ. ಬಿಳಿ ಬಟ್ಟೆ ಬೆಳಕನ್ನು ತಿರುಗಿ ಕಳಿಸುತ್ತದೆ, ಕಾವು ಕಡಿಮೆ. ಆದರೆ ತೆಳು ಬಿಳಿ ಯುವಿಯನ್ನು ಬಿಡುತ್ತದೆ. ಕಪ್ಪು ಯುವಿಯನ್ನು ತಡೆಯುತ್ತದೆ, ಆದರೆ ತಾನು ಕಾಯುತ್ತದೆ. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಡುವುದು ಯಾಕೆ ಎಂದು 1980ರಲ್ಲಿ ವಿಜ್ಞಾನಿಗಳು ಅಳೆದು ನೋಡಿದರು. ಕಪ್ಪು ಬಟ್ಟೆ ಜಾಸ್ತಿ ಕಾದದ್ದು ನಿಜ. ಆದರೆ ಚರ್ಮಕ್ಕೆ ತಲುಪಿದ ಕಾವು ಬಿಳಿ ನಿಲುವಂಗಿಯಷ್ಟೇ ಇತ್ತು. ಬಟ್ಟೆ ಸಡಿಲವಾಗಿ ಜೋತುಬಿದ್ದಿತ್ತು, ಒಳಗೆ ಗಾಳಿ ಆಡಿ ಆ ಹೆಚ್ಚಿನ ಕಾವನ್ನು ಹೊರಗೆ ಸಾಗಿಸಿತ್ತು. ನಾವು ಇದರಿಂದ ತಿಳಿಯಬೇಕಾದದ್ದು, ಬಣ್ಣಕ್ಕಿಂತ ಸಡಿಲ ಮುಖ್ಯ. ಬಿಗಿಯಾದ ಕಪ್ಪು ಟೀಶರ್ಟ್ ಹಾಕಿ ‘ಬೆದೂಯಿನ್‌ರೂ ಹಾಕ್ತಾರೆ’ ಅಂದರೆ ನಡೆಯದು.

ಹೊಲಕ್ಕೆ, ಕಟ್ಟಡದ ಕೆಲಸಕ್ಕೆ ನಾನು ಹೇಳುವುದು ಇಷ್ಟು: ಒತ್ತಾಗಿ ನೇಯ್ದ ಹತ್ತಿಯ, ತುಂಬು ತೋಳಿನ, ಒಂದು ಅಳತೆ ದೊಡ್ಡದಾದ ಅಂಗಿ. ಬಣ್ಣ ಕೋರಾ, ಖಾಕಿ ಅಥವಾ ನಡುಮಟ್ಟದ ನೀಲಿ. ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ಹಾಕುವ ರೂಢಿ ಬಹಳ ಒಳ್ಳೆಯದು, ಅದನ್ನು ಬಿಡಬೇಡಿ. ನಾಲ್ಕನೇ ಹಂತದ ಆ ಹದಿನೈದು ನಿಮಿಷ ತೋಳು ಮಡಚಿದರೆ ಆಯಿತು. ಅಗ್ಗದ ಪಾಲಿಯೆಸ್ಟರ್ ಯುವಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೆವರು ಆರಗೊಡುವುದಿಲ್ಲ. ತಾಪಮಾನ 40 ಡಿಗ್ರಿ ದಾಟುವ ವಿಜಯಪುರದ ಮೇ ತಿಂಗಳಲ್ಲಿ ಬೆವರು ಆರದಿದ್ದರೆ ಜೀವಕ್ಕೇ ಅಪಾಯ.

ತಲೆಗೆ ಹಿರಿಯರ ರುಮಾಲಿಗೆ ಸಾಟಿಯಿಲ್ಲ. ಪದರ ಪದರವಾಗಿ ಸುತ್ತಿರುವುದರಿಂದ ನೆತ್ತಿಗೆ ಕಾವು ಇಳಿಯುವುದಿಲ್ಲ. ಗಾಂಧಿ ಟೋಪಿ ನೆತ್ತಿ ಕಾಯುತ್ತದೆ, ಕಿವಿ ಮತ್ತು ಕುತ್ತಿಗೆಯ ಹಿಂಭಾಗವನ್ನು ಬಿಟ್ಟುಬಿಡುತ್ತದೆ. ಅದಕ್ಕೆ ಟವೆಲ್ ಹೊದ್ದುಕೊಳ್ಳಿ. ಅಂಗಿ ಬೆವರಿಗೆ ತೊಯ್ದರೆ ಬದಲಿಸಲು ಇನ್ನೊಂದು ಇರಲಿ. ತೊಯ್ದ ಹತ್ತಿಯ ಲೆಕ್ಕ ಮೇಲೆ ನೋಡಿದಿರಲ್ಲ.

ತೆಳು ಮೋಡ ಕವಿದ ದಿನ ಯುವಿಯ ಬಹುಪಾಲು ದಾಟಿ ಬರುತ್ತದೆ, ಕಾವು ಮಾತ್ರ ಕಡಿಮೆ ಎನಿಸುತ್ತದೆ. ಆ ದಿನ ಮೋಸ ಹೋಗಬೇಡಿ.

6. ಇವರ ಲೆಕ್ಕ ಬೇರೆ

ಆರು ತಿಂಗಳೊಳಗಿನ ಕೂಸನ್ನು ನೇರ ಬಿಸಿಲಿಗೆ ಹಿಡಿಯಬೇಡಿ. ಕುಲಾಯಿ, ಕುಂಚಿಗೆ ಹಾಕಿ ಬೆಳಿಗ್ಗೆ ಹೊರಗೆ ತರುವುದರಿಂದ ಕೂಸಿಗೆ ಗಾಳಿ ಸಿಗುತ್ತದೆ, ವಿಟಮಿನ್ ಡಿ ಸಿಗುವುದಿಲ್ಲ. ಅದಕ್ಕೇ ಮಕ್ಕಳ ಡಾಕ್ಟರು ಮೊದಲ ವರ್ಷ ದಿನಕ್ಕೆ 400 ಯುನಿಟ್ ಹನಿ ಬರೆದುಕೊಡುತ್ತಾರೆ. ತಪ್ಪದೆ ಹಾಕಿ.

ವಯಸ್ಸಾದಂತೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ತಗ್ಗುತ್ತದೆ. ಅಜ್ಜ ಅಜ್ಜಿಗೆ ಬಿಸಿಲೊಂದನ್ನೇ ನೆಚ್ಚಿಕೊಳ್ಳಬೇಡಿ. ತೊನ್ನು ಇದ್ದವರು, ಹುಟ್ಟಿನಿಂದ ಮೈಬಣ್ಣ ಇಲ್ಲದವರು, ಲೂಪಸ್ ಕಾಯಿಲೆ ಇದ್ದವರು, ಡಾಕ್ಸಿಸೈಕ್ಲಿನ್ ಥರದ ಮಾತ್ರೆ ತಿನ್ನುತ್ತಿರುವವರು ನಾಲ್ಕನೇ ಹಂತಕ್ಕೆ ಹೋಗುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಇವರ ಚರ್ಮ ಬಹಳ ಬೇಗ ಸುಡುತ್ತದೆ.

7. ರಿಪೋರ್ಟ್ ಕೈಗೆ ಬಂದಾಗ

ಎಲುಬು ನೋವು, ಸುಸ್ತು, ಕುಳಿತಲ್ಲಿಂದ ಏಳಲು ಕಷ್ಟ ಅನ್ನುವುದು ತಿಂಗಳುಗಟ್ಟಲೆ ಇದ್ದರೆ ಪರೀಕ್ಷೆ ಮಾಡಿಸಿ. ಪರೀಕ್ಷೆಯ ಹೆಸರು 25-ಹೈಡ್ರಾಕ್ಸಿ ವಿಟಮಿನ್ ಡಿ. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ.

ಕೊರತೆ ಜಾಸ್ತಿ ಇದ್ದರೆ ಬಿಸಿಲಿನಿಂದಲೇ ತುಂಬಿಸಲು ಹೋಗಬೇಡಿ, ಔಷಧಿ ಬೇಕಾಗುತ್ತದೆ. ಇಲ್ಲಿ ಒಂದು ತಪ್ಪು ಬಹಳ ನಡೆಯುತ್ತದೆ. ಅಂಗಡಿಯಲ್ಲಿ ಸಿಗುವ 60,000 ಯುನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಸಾಮಾನ್ಯವಾಗಿ ವಾರಕ್ಕೊಂದು ತೆಗೆದುಕೊಳ್ಳುವಂಥದ್ದು, ಅದೂ ಡಾಕ್ಟರು ಹೇಳಿದಷ್ಟು ವಾರ ಮಾತ್ರ. ಅದನ್ನು ದಿನಾ ಒಂದರಂತೆ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ ಶುರುವಾಗುತ್ತದೆ. ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗುವುದಿಲ್ಲ, ಪುಡಿಯಿಂದ ಆಗುತ್ತದೆ. ಅದಕ್ಕೇ ಡಾಕ್ಟರ ಹತ್ತಿರ ಚೀಟಿಯ ಮೇಲೆ ಕನ್ನಡದಲ್ಲಿ ‘ವಾರಕ್ಕೊಂದು, ಇಷ್ಟು ವಾರ’ ಅಂತ ಬರೆಸಿಕೊಳ್ಳಿ. ಮನೆಗೆ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಮಾತ್ರ ಸುತ್ತು ಹಾಕಿಡಿ.